ಪುಟ್ಟ ಮೇಜಿನ ಮೇಲೆ ಒಂದು ಮೀಟರ್ ಉದ್ದದ ಡೈಮಂಡ್ ಪೇಂಟಿಂಗ್

ಪ್ರಶ್ನೆ: ಚೌಕ ಹರಳಿನ, 100×70 ಸೆಂ.ಮೀ. ಅಳತೆಯ ಡೈಮಂಡ್ ಪೇಂಟಿಂಗ್ (ಅಂಟು ಬಳಿದ ಕ್ಯಾನ್ವಾಸಿನಲ್ಲಿ ಅಚ್ಚಾದ ಚಿಹ್ನೆಗಳ ಮೇಲೆ ಆಯಾ ಬಣ್ಣದ ಪುಟ್ಟ ರಾಳದ ಹರಳು ಅಂಟಿಸಿ ಮಾಡುವ ಚಿತ್ರ) ಕಿಟ್ ಉಡುಗೊರೆಯಾಗಿ ಬಂದಿದೆ. 48 ಬಣ್ಣಗಳಿವೆ. ಈವರೆಗೆ 30×40ಕ್ಕಿಂತ ದೊಡ್ಡದನ್ನು ಮುಟ್ಟಿಲ್ಲ. ಮನೆಯಲ್ಲಿರುವುದು 80×50 ಸೆಂ.ಮೀ.ನ ಮಡಚುವ ಮೇಜು ಒಂದೇ. ಊಟಕ್ಕೂ ಅದೇ, ಮಕ್ಕಳ ಓದಿಗೂ ಅದೇ. ದಿನಕ್ಕೆ ಒಂದು ಗಂಟೆ ಸಿಕ್ಕರೆ ಹೆಚ್ಚು. ಕ್ಯಾನ್ವಾಸ್ ಕತ್ತರಿಸಿಕೊಂಡು ತುಂಡು ತುಂಡಾಗಿ ಮಾಡಬಹುದೇ? ಬೇರೆ ದಾರಿ ಇದೆಯೇ?

ಉತ್ತರ: ಕತ್ತರಿಸಬೇಡಿ, ಆ ಮೇಜು ಸಾಕು. ಯಾವ ಹೊತ್ತಿನಲ್ಲಿ ನೋಡಿದರೂ ಪೆನ್ನು (ತುದಿಯ ಮೇಣಕ್ಕೆ ಹರಳು ಅಂಟಿಸಿ ಎತ್ತುವ ಸಾಧನ) ಓಡಾಡುವುದು ಅಂಗೈ ಅಗಲದ ಜಾಗದಲ್ಲಿ. ಮಿಕ್ಕ ಕ್ಯಾನ್ವಾಸ್ ಕೆಡದಂತೆ ಸುರುಳಿಯಲ್ಲಿದ್ದರಾಯಿತು. ಜಾಗಕ್ಕಿಂತ ಹೆಚ್ಚು ಕಾಡುವುದು ದಿನಾ ಹರಡಿ, ಎತ್ತಿಡುವ ಸಮಯ. ಲೆಕ್ಕ ಹಾಕಿ ನೋಡಿ. ಚೌಕ ಹರಳಿನ ಬದಿ 2.5 ಮಿ.ಮೀ. ಅಂದರೆ ಒಂದು ಸೆಂಟಿಮೀಟರಿಗೆ 4, ಚದರ ಸೆಂಟಿಮೀಟರಿಗೆ 16. ನಿಮ್ಮ ಚಿತ್ರ 400 ಕಾಲಂ, 280 ಸಾಲು, ಒಟ್ಟು 1,12,000 ಹರಳು. ಗಂಟೆಗೆ 500 ಅಂಟಿಸುತ್ತೀರಿ ಎಂದಿಟ್ಟುಕೊಂಡರೂ 224 ಗಂಟೆ. ದಿನಕ್ಕೊಂದು ಗಂಟೆಯಂತೆ ಏಳೂವರೆ ತಿಂಗಳು. ಹರಡಲು ಹತ್ತು ನಿಮಿಷ, ಎತ್ತಿಡಲು ಹತ್ತು ನಿಮಿಷ ಹೋಗುವ ವ್ಯವಸ್ಥೆಯಾದರೆ ಅದಕ್ಕೇ 75 ಗಂಟೆ ಸುರಿಯಬೇಕು. ದೊಡ್ಡ ಚಿತ್ರಗಳು ಅರ್ಧಕ್ಕೆ ನಿಲ್ಲುವುದು ಬಹುತೇಕ ಇಲ್ಲೇ. ಆದ್ದರಿಂದ ಮೊದಲ ಹರಳು ಅಂಟಿಸುವ ಮೊದಲೇ, ಹರಡಲು ಮೂರು ನಿಮಿಷ, ಎತ್ತಿಡಲು ಎರಡು ನಿಮಿಷ ಸಾಕಾಗುವಂತೆ ಎಲ್ಲವನ್ನೂ ಜೋಡಿಸಿಕೊಳ್ಳಬೇಕು.

ಕಿಟ್ ಬಿಚ್ಚಿದ ದಿನ

ಮೊದಲು ಟೇಪ್ ಹಿಡಿದು ಅಳೆಯಿರಿ. 100×70 ಎಂದು ಬರೆದಿರುವುದು ಚಿತ್ರದ ಅಳತೆಯೋ ಇಡೀ ಕ್ಯಾನ್ವಾಸಿನ ಅಳತೆಯೋ ಎಂಬುದು ಕಿಟ್‌ನಿಂದ ಕಿಟ್‌ಗೆ ಬೇರೆ. ಚಿತ್ರದ ಅಳತೆಯಾದರೆ ಸುತ್ತಲಿನ ಬಿಳಿ ಅಂಚು ಸೇರಿ ಕ್ಯಾನ್ವಾಸ್ ಇನ್ನೂ ಕೆಲವು ಸೆಂಟಿಮೀಟರ್ ದೊಡ್ಡದಿರುತ್ತದೆ. ಹಲಗೆಯನ್ನೂ ಕೊಳವೆಯನ್ನೂ ಆ ಅಳತೆಗೇ ತರಬೇಕು.

ಎರಡನೆಯದು ಎಣಿಕೆ. ಪೊಟ್ಟಣಗಳಲ್ಲಿ ಸಾಮಾನ್ಯವಾಗಿ 200ರ ಸುಮಾರು ಹರಳಿರುತ್ತವೆ. ದೊಡ್ಡ ಕಿಟ್‌ಗಳಲ್ಲಿ ಹೆಚ್ಚು ಬೇಕಾದ ಬಣ್ಣಕ್ಕೆ ದೊಡ್ಡ ಚೀಲವೇ ಬರುವುದುಂಟು. ಕ್ಯಾನ್ವಾಸಿನ ಅಂಚಿನಲ್ಲಿ ಅಚ್ಚಾದ ಬಣ್ಣದ ಪಟ್ಟಿಯ ಜೊತೆ ಪ್ರತಿ ಸಂಖ್ಯೆಯನ್ನೂ ತಾಳೆ ನೋಡಿ. ಒಂದು ಬಣ್ಣ ಬಂದೇ ಇಲ್ಲ ಎನ್ನುವುದು ಆರು ತಿಂಗಳ ಮೇಲೆ ಗೊತ್ತಾದರೆ ಮಾರಿದವರನ್ನು ಕೇಳುವ ಅವಧಿಯೇ ಮುಗಿದಿರುತ್ತದೆ. ದೊಡ್ಡ ಚೀಲದ ಎಣಿಕೆಗೆ ಗ್ರಾಮಿನ ನೂರನೇ ಭಾಗವನ್ನೂ ತೋರಿಸುವ ಸಣ್ಣ ಡಿಜಿಟಲ್ ತೂಕ ಬೇಕು: 200 ಹರಳು ತೂಗಿ, ಅದರಿಂದ ಚೀಲದ ತೂಕವನ್ನು ಭಾಗಿಸಿ, ಬಂದದ್ದನ್ನು 200ರಿಂದ ಗುಣಿಸಿ.

ಒಂದೇ ಬಣ್ಣಕ್ಕೆ ನಾಲ್ಕಾರು ಪೊಟ್ಟಣಗಳಿದ್ದರೆ ಎಲ್ಲವನ್ನೂ ಒಂದೇ ಡಬ್ಬಿಗೆ ಸುರಿದು ಕಲಸಿಬಿಡಿ. ಪೊಟ್ಟಣದಿಂದ ಪೊಟ್ಟಣಕ್ಕೆ ಬಣ್ಣ ಕೂದಲೆಳೆಯಷ್ಟು ಬೇರೆಯಿರುತ್ತದೆ. ಒಂದೊಂದಾಗಿ ಬಿಚ್ಚುತ್ತಾ ಹೋದರೆ ಆಕಾಶದ ನಡುವೆ ಬೇರೆ ನೀಲಿಯ ಪಟ್ಟೆ ಮೂಡುತ್ತದೆ. ಅದು ಕಾಣುವುದು ಚಿತ್ರವನ್ನು ಗೋಡೆಗೆ ಹಾಕಿದ ಮೇಲೆ. ಕಲಸುವ ಮುಂಚೆ ಚಹಾ ಸೋಸುವ ಜರಡಿಯಲ್ಲಿ ಒಮ್ಮೆ ಅಲ್ಲಾಡಿಸಿದರೆ ರಾಳದ ಪುಡಿ, ಮುರಿದ ಚೂರು ಉದುರಿ ಹೋಗುತ್ತವೆ. ಈ ಪುಡಿ ಅಂಟಿನ ಮೇಲೆ ಕೂತ ಕಡೆ ಹರಳು ನಿಲ್ಲುವುದಿಲ್ಲ.

ಮೂರನೆಯದು, ಬಣ್ಣದ ಪಟ್ಟಿಯ ಫೋಟೋ ತೆಗೆದು ದೊಡ್ಡದಾಗಿ ಪ್ರಿಂಟ್ ಮಾಡಿಸಿಕೊಳ್ಳಿ. ಸುರುಳಿ ಸುತ್ತಿ ಕೆಲಸ ಮಾಡುವಾಗ ಅಂಚಿನ ಪಟ್ಟಿ ಕೊಳವೆಯೊಳಗೆ ಸೇರಿ, ಬೇಕಾದಾಗ ಕೈಗೆ ಸಿಗುವುದಿಲ್ಲ.

ಸುರುಳಿ ಮತ್ತು ಹಲಗೆ

ಬೇಕಾದ ಸಾಮಾನು ಕಡಿಮೆ. 80×40 ಸೆಂ.ಮೀ.ನ ಹಗುರ ಹಲಗೆ ಒಂದು: 4 ಮಿ.ಮೀ. ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಅಥವಾ 10 ಮಿ.ಮೀ. ಫೋಮ್ ಬೋರ್ಡ್. ಕ್ಯಾನ್ವಾಸಿನ ಅಗಲಕ್ಕಿಂತ ಸ್ವಲ್ಪ ಉದ್ದದ ಕೊಳವೆ ಒಂದು, ಹೊರವ್ಯಾಸ 8ರಿಂದ 10 ಸೆಂ.ಮೀ. ಬಟ್ಟೆ ಅಂಗಡಿಯಲ್ಲಿ ಥಾನು ಸುತ್ತಿ ಬರುವ ದಪ್ಪ ರಟ್ಟಿನ ಕೊಳವೆ ಆಗುತ್ತದೆ, 90 ಮಿ.ಮೀ. ಪಿವಿಸಿ ಪೈಪೂ ಆಗುತ್ತದೆ. ಕಿಟ್ ಜೊತೆ ಬರುವ ಸಣ್ಣ ಕೊಳವೆಗೆ ಮಾತ್ರ ಮುಗಿದ ಭಾಗವನ್ನು ಸುತ್ತಬೇಡಿ. ಬಾಗು ಬಿಗಿಯಾದಷ್ಟೂ ಹರಳು ಬುಡ ಬಿಡುತ್ತದೆ. ಇವುಗಳ ಜೊತೆಗೆ ನಾಲ್ಕು ಬೈಂಡರ್ ಕ್ಲಿಪ್ಪು, ಕ್ಲಿಪ್ಪಿನ ಗುರುತು ಬೀಳದಂತೆ ನಡುವೆ ಇಡಲು ರಟ್ಟಿನ ಚೂರು. ಕ್ಲಿಪ್ಪು ಹಾಕುವುದು ಬಿಳಿ ಅಂಚಿಗೆ ಮಾತ್ರ.

ಸುತ್ತುವ ದಿಕ್ಕಿನಲ್ಲಿ ಹೊಸಬರು ಎಡವುತ್ತಾರೆ. ಹರಳಿನ ಬದಿ ಯಾವಾಗಲೂ ಹೊರಗಿರಬೇಕು. ಒಳಗೆ ಮಾಡಿ ಸುತ್ತಿದರೆ ಪಕ್ಕಪಕ್ಕದ ಚೌಕಗಳ ತಲೆಗಳು ಒಂದನ್ನೊಂದು ಒತ್ತಿ ಬುಡವನ್ನು ಅಂಟಿನಿಂದ ಎಬ್ಬಿಸುತ್ತವೆ. ಹೊರಗೆ ಮಾಡಿದರೆ ತಲೆಗಳ ನಡುವೆ ಸಂದು ತೆರೆದುಕೊಳ್ಳುತ್ತದೆ, ಬುಡ ಅಲುಗುವುದಿಲ್ಲ. ಬಿಡಿಸಿದಾಗ ಸಂದು ಮತ್ತೆ ಮುಚ್ಚುತ್ತದೆ. ಮಾಡದ ಭಾಗಕ್ಕೂ ಇದೇ ನಿಯಮ, ಕಾರಣ ಮಾತ್ರ ಬೇರೆ: ಮೇಲಿನ ಪ್ಲಾಸ್ಟಿಕ್ ಹಾಳೆ ಒಳಬಾಗಿನಲ್ಲಿ ಸುಕ್ಕುಗಟ್ಟುತ್ತದೆ, ಸುಕ್ಕಿನ ಕೆಳಗೆ ಅಂಟು ಸರಿದು ಉದ್ದುದ್ದ ಕಾಲುವೆಯಾಗುತ್ತದೆ, ಅಲ್ಲಿ ಹರಳು ಹಿಡಿಯುವುದಿಲ್ಲ. ಡಬ್ಬದಲ್ಲಿ ಒಳಮುಖವಾಗಿ ಸುತ್ತಿ ಬಂದಿದ್ದರೆ ಸುಕ್ಕನ್ನು ಒರೆಸಿ ಚಪ್ಪಟೆ ಮಾಡಿ, ಹೊರಮುಖವಾಗಿ ಸಡಿಲ ಸುತ್ತಿ ಒಂದೆರಡು ರಾತ್ರಿ ಬಿಡಿ. ಇಸ್ತ್ರಿ ಪೆಟ್ಟಿಗೆಯ ತಂಟೆ ಬೇಡ.

ಈಗ ಜೋಡಣೆ. ಮೇಜನ್ನು ಗೋಡೆಯಿಂದ ಒಂದು ಗೇಣು ಈಚೆಗೆ ಎಳೆದುಕೊಳ್ಳಿ. ಹಲಗೆಯ ಆಚೆಯ ಅಂಚಿನ ಕೆಳಗೆ 8-10 ಸೆಂ.ಮೀ. ಎತ್ತರದ ಮರದ ತುಂಡೋ ದಪ್ಪ ಪುಸ್ತಕಗಳೋ ಇಟ್ಟರೆ 12ರಿಂದ 14 ಡಿಗ್ರಿಯ ಇಳಿಜಾರು ಸಿಗುತ್ತದೆ; ಕತ್ತು ಬಗ್ಗಿಸುವುದು ಅಷ್ಟರಮಟ್ಟಿಗೆ ತಪ್ಪುತ್ತದೆ. ಚಿತ್ರದ ಮೇಲ್ತುದಿಯಿಂದ ಆರಂಭಿಸಿ. ಮುಗಿದ ಭಾಗ ಹಲಗೆಯ ಆಚೆಯ ಅಂಚು ದಾಟಿ ಹಿಂದಕ್ಕೆ ಇಳಿದು ಕೊಳವೆಗೆ ಸುತ್ತಿಕೊಳ್ಳುತ್ತದೆ. ಮಾಡದ ಭಾಗ ಈಚೆ ಅಂಚಿನಿಂದ ಇಳಿದು, ಪ್ಲಾಸ್ಟಿಕ್ ಹೊದ್ದುಕೊಂಡೇ ಸಡಿಲ ಸುರುಳಿಯಾಗಿ ನಿಮ್ಮ ಮಡಿಲ ಮೇಲೆ ಕೂರುತ್ತದೆ. ಹೀಗೆ ಮಾಡಿದರೆ ತೋಳು ಊರುವುದು ಪ್ಲಾಸ್ಟಿಕ್ ಮೇಲೆ, ಮುಗಿದ ಹರಳಿನ ಮೇಲೆ ಅಲ್ಲ. ಹಲಗೆಯ ಎರಡೂ ಅಂಚಿಗೆ ಹಳೆಯ ಟವೆಲ್ ಮಡಚಿ ಟೇಪ್ ಹಚ್ಚಿ, ಚೂಪು ಅಂಚಿಗೆ ಕ್ಯಾನ್ವಾಸ್ ಬಾಗಿದರೆ ಗೆರೆ ಬೀಳುತ್ತದೆ. ಮುಗಿದ ಭಾಗದ ಭಾರ ದಿನದಿಂದ ದಿನಕ್ಕೆ ಹೆಚ್ಚಿ ಕ್ಯಾನ್ವಾಸನ್ನು ಹಿಂದಕ್ಕೆ ಎಳೆಯುತ್ತದೆ, ಎರಡು ಕ್ಲಿಪ್ಪು ಬೇಕಾಗುವುದು ಆಚೆ ಬದಿಯಲ್ಲೇ.

ಚಿತ್ರ ನಿಂತ ಚಿತ್ರವಾದರೆ, ಅಂದರೆ 70 ಅಗಲ, 100 ಎತ್ತರವಾದರೆ, ಇಷ್ಟಕ್ಕೆ ಸಮಸ್ಯೆ ಮುಗಿಯಿತು. ಅಡ್ಡ ಚಿತ್ರವಾದರೆ ಒಂದು ತೊಡಕಿದೆ. ಕೊಳವೆ 70ರ ಬದಿಗೆ ಸಮಾನಾಂತರವಾಗಿ ಕೂರಬೇಕಾದ್ದರಿಂದ ಚಿತ್ರ ಕಾಲು ಸುತ್ತು ತಿರುಗಿ ಕೂರುತ್ತದೆ, ಚಿಹ್ನೆಗಳೂ ಅಡ್ಡ ಮಲಗುತ್ತವೆ. ನಾಲ್ಕಾರು ಗಂಟೆಯಲ್ಲಿ ಕಣ್ಣು ಒಗ್ಗಿಕೊಳ್ಳುತ್ತದೆ, ಆದರೆ ಕೆಲವು ಜೋಡಿಗಳು ಮೋಸ ಮಾಡುತ್ತವೆ. ಕಾಲು ಸುತ್ತು ತಿರುಗಿದರೆ ಇಂಗ್ಲಿಷಿನ ಎನ್ ಅಕ್ಷರ ಜ಼ೆಡ್‌ನಂತೆ ಕಾಣುತ್ತದೆ. ಪೂರ್ತಿ ತಲೆಕೆಳಗಾದರೆ 6 ಮತ್ತು 9, ಎಮ್ ಮತ್ತು ಡಬ್ಲ್ಯೂ ಅದಲುಬದಲು. ನಿಮ್ಮ ಪಟ್ಟಿಯಲ್ಲಿ ಅಂಥ ಜೋಡಿ ಇದೆಯೇ ನೋಡಿ, ಇದ್ದರೆ ಪ್ರಿಂಟ್ ಪ್ರತಿಯಲ್ಲಿ ಅವುಗಳ ಪಕ್ಕ ತಿರುಗಿದ ರೂಪವನ್ನೂ ಬರೆದುಕೊಳ್ಳಿ. 100 ಸೆಂ.ಮೀ. ಅಗಲವನ್ನು ನೆಟ್ಟಗೇ ಹರಡಿಕೊಳ್ಳುತ್ತೇನೆ ಎಂದರೆ ಮೇಜಿನ ಎರಡೂ ಕಡೆ ಹತ್ತು ಹತ್ತು ಸೆಂಟಿಮೀಟರ್ ಹೊರಚಾಚುತ್ತದೆ, ಹಾದು ಹೋಗುವವರ ಮೊಣಕೈಗೆ ತಗುಲುತ್ತದೆ. ಚಿಕ್ಕ ಮನೆಯಲ್ಲಿ ಚಿತ್ರ ತಿರುಗಿಸಿಕೊಳ್ಳುವುದೇ ವಾಸಿ.

ಪ್ಲಾಸ್ಟಿಕ್ ಬಿಚ್ಚುವ ಕ್ರಮ

ಹಾಳೆಯನ್ನು ಒಮ್ಮೆಲೇ ಕಿತ್ತು ಹಾಕಬಾರದು. ಏಳು ತಿಂಗಳು ತೆರೆದಿಟ್ಟ ಅಂಟು ಧೂಳು, ಕೂದಲು, ಬಟ್ಟೆಯ ಜುಂಗು ಎಲ್ಲವನ್ನೂ ಹಿಡಿದು ಕೊನೆಗೆ ಹರಳನ್ನೇ ಹಿಡಿಯದಂತಾಗುತ್ತದೆ. ಕ್ಯಾನ್ವಾಸ್ ಮೇಲೇ ಬ್ಲೇಡು ಎಳೆದು ಹಾಳೆ ಕತ್ತರಿಸುವುದನ್ನು ಹಲವರು ಹೇಳಿಕೊಡುತ್ತಾರೆ. ಕೈ ಸ್ವಲ್ಪ ಭಾರವಾದರೆ ಬಟ್ಟೆಗೇ ಸೀಳು ಬೀಳುತ್ತದೆ, ಅದಕ್ಕೆ ಮದ್ದಿಲ್ಲ. ಹಾಳೆಯನ್ನು ಮೇಲ್ತುದಿಯಿಂದ ಹನ್ನೆರಡು ಸೆಂಟಿಮೀಟರ್‌ನಷ್ಟು ಎಬ್ಬಿಸಿ, ಎಬ್ಬಿಸಿದ ಹಾಳೆಯನ್ನೇ ಕತ್ತರಿಯಿಂದ ಅಡ್ಡಕ್ಕೆ ಕತ್ತರಿಸಿ, ಮಿಕ್ಕದ್ದನ್ನು ಮತ್ತೆ ಒತ್ತಿ ಕೂರಿಸಿ. ಈಗ ತೆರೆದಿರುವುದು 70 ಸೆಂ.ಮೀ. ಅಗಲ, 10 ಸೆಂ.ಮೀ. ಎತ್ತರದ ಪಟ್ಟಿ. ಅದರ ಮೇಲೆ 10×10 ಸೆಂ.ಮೀ.ನ ಏಳು ಬೇಕಿಂಗ್ ಪೇಪರ್ ಚೌಕಗಳನ್ನು ಅಂಚಿಗೆ ಅಂಚು ಕೂಡಿಸಿ ಹೊದಿಸಿ. ಸಿಲಿಕೋನ್ ಲೇಪದ ಕಾಗದವೇ ಆಗಬೇಕು. ಮೇಣದ ಕಾಗದ ಅಂಟಿನ ಮೇಲೆ ಮೇಣ ಬಿಡುತ್ತದೆ. ಬಟರ್ ಪೇಪರ್ ಹೆಸರಿನಲ್ಲಿ ಬರುವವುಗಳಲ್ಲಿ ಲೇಪವಿಲ್ಲದವೂ ಇರುವುದರಿಂದ ಬಿಳಿ ಅಂಚಿನ ಅಂಟಿಗೆ ಒಂದು ಚೂರು ಒತ್ತಿ, ಮರುದಿನ ಎಬ್ಬಿಸಿ ನೋಡಿ. ನಾರು ಉಳಿಯದಿದ್ದರೆ ಬಳಸಿ.

ಒಮ್ಮೆಗೆ ಎಬ್ಬಿಸುವುದು ಒಂದೇ ಚೌಕ: 40×40, ಅಂದರೆ 1,600 ಹರಳು. ಮೂರು ದಿನಕ್ಕೊಂದು ಚೌಕದ ಲೆಕ್ಕ. ಇಡೀ ಚಿತ್ರಕ್ಕೆ 70 ಚೌಕ.

ಚಿತ್ರದ ಗೆರೆಯಾಚೆಗೆ ಚಾಚಿಕೊಂಡಿರುವ ಅಂಟಿನ ಅಂಚಿಗೆ ನಾಲ್ಕೂ ಕಡೆ ಪೇಪರ್ ಟೇಪ್ ಅಥವಾ ವಾಶಿ ಟೇಪ್ ಹಚ್ಚಿಬಿಡಿ. ತೋಳಿನ ಬಟ್ಟೆ ಅಂಟಿಕೊಂಡು ಕ್ಯಾನ್ವಾಸೇ ಎಳೆದುಕೊಂಡು ಬರುವುದು ತಪ್ಪುತ್ತದೆ.

ಚೌಕದಿಂದ ಚೌಕಕ್ಕೆ ಹೋಗುವಾಗಿನ ಗೆರೆ

ಚೌಕ ಚೌಕವಾಗಿ ಮಾಡಿದ ಚಿತ್ರದಲ್ಲಿ ದೂರದಿಂದ ನೋಡಿದಾಗ ಜಾಲರಿಯಂತೆ ಸಂದು ಕಾಣುವುದುಂಟು. ಎರಡು ಕಾರಣ. ಮೊದಲನೆಯದು, ಕಾಗದದ ಅಂಚಿಗೆ ತಾಗಿಸಿ ಕೊನೆಯ ಸಾಲು ಅಂಟಿಸುತ್ತೀರಿ, ಹರಳಿನ ಒಂದು ಮೂಲೆ ಕಾಗದದ ಮೇಲೆ ಕೂತಿರುತ್ತದೆ. ಮುಂದಿನ ಚೌಕದ ಕಾಗದ ಎಬ್ಬಿಸಿದಾಗ ಅದೂ ಓರೆಯಾಗುತ್ತದೆ. ಉಪಾಯ ಸುಲಭ: ಮುಂದಿನ ಚೌಕಕ್ಕೆ ತಾಗುವ ಕೊನೆಯ ಕಾಲಂ, ಕೊನೆಯ ಸಾಲು ಖಾಲಿ ಬಿಡಿ, ಆ ಚೌಕ ತೆರೆದ ದಿನ ತುಂಬಿ. ಕೊನೆಯ ಒಂದೆರಡು ಕಾಲಂ ನೇರ ಗೆರೆಯಲ್ಲಿ ನಿಲ್ಲಿಸದೆ ಅಂಕುಡೊಂಕಾಗಿ ಬಿಟ್ಟರೆ ಇನ್ನೂ ಒಳ್ಳೆಯದು.

ಎರಡನೆಯದು ತೆವಳುವಿಕೆ. ಎಲ್ಲ ಹರಳೂ ಕರಾರುವಾಕ್ಕಾಗಿ 2.5 ಮಿ.ಮೀ. ಇರುವುದಿಲ್ಲ, ಪ್ರತಿ ಹರಳು ಎಳ್ಳಿನ ಹತ್ತರಲ್ಲೊಂದರಷ್ಟು ಸರಿದರೂ ನಲವತ್ತನೆಯದಕ್ಕೆ ಬರುವಷ್ಟರಲ್ಲಿ ಅಚ್ಚಿನ ಗೆರೆ ದಾಟಿರುತ್ತೀರಿ. ಹತ್ತು ಕಾಲಂಗೊಮ್ಮೆ ಹರಳಿನ ಅಂಚು ಅಚ್ಚಿನ ಗೆರೆಯ ಮೇಲಿದೆಯೇ ನೋಡಿ. ಸರಿದಿದ್ದರೆ ಸ್ಟೀಲ್ ಸ್ಕೇಲಿನ ಅಂಚನ್ನು ಸಾಲಿಗೆ ಒತ್ತಿಟ್ಟು ಮೆಲ್ಲಗೆ ಹಿಂದಕ್ಕೆ ತಳ್ಳಿ. ಅಂಟಿಸಿ ಸ್ವಲ್ಪ ಹೊತ್ತಾಗಿದ್ದರೆ ಹರಳು ಸರಿಯುತ್ತದೆ, ವಾರ ಕಳೆದರೆ ಸರಿಯಲು ಒಪ್ಪುವುದಿಲ್ಲ. ಜಾಗ ಸಾಲದಿದ್ದಾಗ ಹರಳನ್ನು ಬಲವಂತವಾಗಿ ತುರುಕುವುದು ಎಲ್ಲಕ್ಕಿಂತ ಕೆಟ್ಟ ಅಭ್ಯಾಸ. ಆ ಹೊತ್ತಿಗೆ ಸಮ ಕಾಣುತ್ತದೆ, ಸುರುಳಿ ಸುತ್ತಿ ಬಿಡಿಸಿದ ಮೇಲೆ ಪಕ್ಕದ್ದನ್ನೂ ಎಬ್ಬಿಸಿಕೊಂಡು ಮೇಲೇಳುತ್ತದೆ.

ಚೌಕ ಮುಗಿದ ಮೇಲೆ ಕಾಗದ ಹೊದಿಸಿ, ಸಣ್ಣ ರೋಲರ್‌ನಿಂದಲೋ ದಪ್ಪ ಪುಸ್ತಕದಿಂದಲೋ ಸಮವಾಗಿ ಒತ್ತಿ. ಒತ್ತದೆ ಸುತ್ತಿದರೆ ಬುಡ ಬಿಟ್ಟ ಹರಳು ನೆಲದ ಮೇಲೆ ಸಿಗುತ್ತವೆ. ಕೊಳವೆಗೆ ಸುತ್ತುವಾಗ ಹರಳಿಗೂ ಮುಂದಿನ ಸುತ್ತಿನ ಬಟ್ಟೆಗೂ ನಡುವೆ ಬೇಕಿಂಗ್ ಪೇಪರ್ ಇರಲಿ.

ಅಂಟು ಒಣಗಿದಂತೆ ಕಂಡರೆ ಪರಿಮಳವಿಲ್ಲದ, ಆಲ್ಕೋಹಾಲ್ ಇಲ್ಲದ ಒದ್ದೆ ವೈಪ್‌ನಿಂದ ಮೆಲ್ಲಗೆ ಒತ್ತಿ ತೆಗೆದು, ಪೂರ್ತಿ ಆರಲು ಬಿಡಿ. ಕ್ಯಾನ್ವಾಸಿನ ಮೇಲೆ ದ್ರವವಾಗಿ ಸುರಿದು ಮಾಡಿದ ಅಂಟು ಬಹುಮಟ್ಟಿಗೆ ಜೀವ ಪಡೆಯುತ್ತದೆ. ಡಬಲ್ ಸೈಡ್ ಟೇಪ್ ಹಚ್ಚಿದ ಕ್ಯಾನ್ವಾಸಿಗೆ ಈ ಉಪಚಾರ ಅಷ್ಟಾಗಿ ನಾಟುವುದಿಲ್ಲ. ಅಲ್ಲಿ ಹೊಸ ತೆಳು ಡಬಲ್ ಸೈಡ್ ಟೇಪ್ ತುಂಡನ್ನೇ ಹಚ್ಚಬೇಕು.

48 ಬಣ್ಣಗಳ ಜಾಗ

ಎಲ್ಲ ಬಣ್ಣವನ್ನೂ ಎದುರಿಗೆ ಹರಡಿಕೊಳ್ಳುವ ಆಸೆ ಬಿಡಿ. ಸಣ್ಣ ಬಾಟಲಿಗಳ ಒಂದು ಪೆಟ್ಟಿಗೆ ಸಾಕು. 60ರ ಸುಮಾರು ಬಾಟಲಿ ಹಿಡಿಸುವವು ಸಿಗುತ್ತವೆ. ಬಾಟಲಿಯಲ್ಲಿ ಹಿಡಿಯದ ಹೆಚ್ಚುವರಿಯನ್ನು ಜಿಪ್ ಚೀಲದಲ್ಲಿ ಹಾಕಿ, ಬಣ್ಣದ ಸಂಖ್ಯೆಯ ಕ್ರಮದಲ್ಲಿ ಶೂ ಡಬ್ಬದಲ್ಲಿ ನಿಲ್ಲಿಸಿಡಿ. ಬಾಟಲಿಯ ಮುಚ್ಚಳಕ್ಕೆ ಎರಡು ಗುರುತು: ಈ ಕ್ಯಾನ್ವಾಸಿನ ಚಿಹ್ನೆ ಮತ್ತು ಡಿಎಂಸಿ ಸಂಖ್ಯೆ (ಡಿಎಂಸಿ ಎಂಬ ಕಸೂತಿ ದಾರದ ಕಂಪನಿಯ ಬಣ್ಣದ ಸಂಖ್ಯೆ). ಚಿಹ್ನೆ ಕಿಟ್‌ನಿಂದ ಕಿಟ್‌ಗೆ ಬದಲಾಗುತ್ತದೆ. ಡಿಎಂಸಿ ಸಂಖ್ಯೆ ಬದಲಾಗದು, 310 ಎಂದರೆ ಡಿಎಂಸಿ ಸಂಖ್ಯೆ ಬಳಸುವ ಎಲ್ಲ ಕಿಟ್‌ನಲ್ಲೂ ಕಪ್ಪೇ. ಮುಂದಿನ ಚಿತ್ರಕ್ಕೆ ಉಳಿದ ಹರಳು ಬಳಸುವಾಗ ಆ ಸಂಖ್ಯೆಯೇ ಆಧಾರ.

ಕೆಲಸಕ್ಕೆ ಕೂರುವಾಗ ಆ ದಿನದ ಚೌಕದಲ್ಲಿ ಹೆಚ್ಚಿರುವ ಆರೇಳು ಬಣ್ಣದ ಬಾಟಲಿ ಮಾತ್ರ ಹೊರಗೆ. ಟ್ರೇ ಎಲ್ಲಿಡುವುದು? 80 ಸೆಂ.ಮೀ. ಹಲಗೆ 80 ಸೆಂ.ಮೀ. ಮೇಜನ್ನು ಪೂರ್ತಿ ನುಂಗಿದೆ. ಇಳಿಜಾರಿನ ಮೇಲೆ ಇಟ್ಟರೆ ಜಾರಿ ಚೆಲ್ಲುತ್ತದೆ. ಬಲಗೈಯವರು ಬಲಕ್ಕೆ, ಎಡಗೈಯವರು ಎಡಕ್ಕೆ ಮೇಜಿನಷ್ಟೇ ಎತ್ತರದ ಸ್ಟೂಲು ಇಟ್ಟುಕೊಂಡು ಅದರ ಮೇಲೆ ಟ್ರೇ, ಬಾಟಲಿ, ಮೇಣ ಇಟ್ಟುಕೊಳ್ಳುವುದು ಒಳ್ಳೆಯದು. ಟ್ರೇಯಲ್ಲಿ ಒಮ್ಮೆಗೆ ಒಂದೇ ಬಣ್ಣ, ಅದೂ ಅರ್ಧ ಚಮಚದಷ್ಟು. ತುಂಬ ಸುರಿದರೆ ಹರಳು ಒಂದರ ಮೇಲೊಂದು ಬಿದ್ದು ಕವುಚಿಕೊಳ್ಳುತ್ತವೆ.

ಒಂದೇ ಬಣ್ಣದ ಹರಹು ಬಂದಾಗ 3 ಅಥವಾ 6 ಹರಳು ಒಮ್ಮೆಗೆ ಎತ್ತುವ ತುದಿ ಸಮಯ ಉಳಿಸುತ್ತದೆ. ಚೌಕ ಹರಳಿಗೆ ಅದಕ್ಕಿಂತ ಅಗಲದ ತುದಿ ಬೇಡ. ಸಾಲು ಸ್ವಲ್ಪ ಓರೆಯಾದರೂ ಎಲ್ಲವೂ ಓರೆಯಾಗಿ ಕೂರುತ್ತವೆ.

ಬೆಳಕಿನ ಬಗ್ಗೆ ಎರಡೇ ಮಾತು. ಟೇಬಲ್ ಲ್ಯಾಂಪು ಬರೆಯುವ ಕೈಯ ಎದುರು ಬದಿಯಲ್ಲಿರಲಿ. ಲೈಟ್ ಪ್ಯಾಡ್ (ಅಡಿಯಿಂದ ಬೆಳಕು ಬೀರುವ ತೆಳು ಫಲಕ) ಇದ್ದರೆ ಎ4 ಅಳತೆ ಸಾಕು, ಕಡುಬಣ್ಣದ ಮೇಲೆ ಚಿಹ್ನೆ ಕಾಣದ ಚೌಕಗಳಿಗೆ ಮಾತ್ರ ಅಡಿಗೆ ತೂರಿಸಿ. ಸದಾ ಅಡಿಯಲ್ಲಿದ್ದರೆ ಅದರ ಅಂಚು ಕ್ಯಾನ್ವಾಸಿಗೆ ಗುರುತು ಹಾಕುತ್ತದೆ.

ಎತ್ತಿಡುವುದು

ಕೈಯಲ್ಲಿದ್ದ ಬಣ್ಣವನ್ನು ಬಾಟಲಿಗೆ ಸುರಿಯಿರಿ. ಚೌಕಕ್ಕೆ ಕಾಗದ ಹೊದಿಸಿ. ಮಡಿಲ ಸುರುಳಿಯನ್ನು ಹಲಗೆಯ ಅಡಿಗೆ ಮಡಿಸದೆ ತಿರುಗಿಸಿ ಕ್ಲಿಪ್ಪು ಹಾಕಿ. ಹಲಗೆ, ಕೊಳವೆ, ಕ್ಯಾನ್ವಾಸ್ ಮೂರೂ ಒಟ್ಟಾಗಿ ಮಂಚದಡಿಗೆ. ಇದಕ್ಕೆ ಸುಮಾರು 15 ಸೆಂ.ಮೀ. ಎತ್ತರ ಬೇಕು. ಮಂಚದಡಿ ಅಷ್ಟಿಲ್ಲದಿದ್ದರೆ ಇನ್ನೊಂದು ದಾರಿ: ಇಡೀ ಕ್ಯಾನ್ವಾಸಿನ ಅಳತೆಯ ತೆಳು ಹಲಗೆಯ ಮೇಲೆ ಅದನ್ನು ಚಪ್ಪಟೆಯಾಗಿ ಹರಡಿ, ಮೇಲೆ ಕಾಗದ ಹೊದಿಸಿ ತಳ್ಳುವುದು, 3 ಸೆಂ.ಮೀ. ಸಂದು ಸಾಕು. ಹರಡಲು ಒಂದು ನಿಮಿಷ ಹೆಚ್ಚು ಹಿಡಿಯುತ್ತದೆ, ಸುರುಳಿಯಿಂದ ಆಗುವ ಹಾನಿ ಮಾತ್ರ ರಾತ್ರಿಯಿಡೀ ಇರುವುದಿಲ್ಲ. ಸುರುಳಿಯನ್ನು ಕಪಾಟಿನ ಸಂದಿಯಲ್ಲಿ ನಿಲ್ಲಿಸಬೇಡಿ. ಮುಗಿದ ಭಾಗ ತನ್ನ ಭಾರಕ್ಕೆ ಕೆಳಗೆ ಕುಸಿದು ತುದಿಯ ಹರಳು ಒತ್ತಿಕೊಳ್ಳುತ್ತವೆ. ಬಿಸಿಲು ಬೀಳುವ ಕಡೆಯೂ ಬೇಡ.

ಮಕ್ಕಳು ಕೂರುವ ಮೇಜು ಎಂದಿದ್ದೀರಿ. ಎದ್ದ ಮೇಲೆ ನೆಲವನ್ನು ಒಮ್ಮೆ ನೋಡಿ, ತೀರ ಚಿಕ್ಕ ಮಗು ಇದ್ದರೆ ಇದು ತಪ್ಪಲೇಬಾರದು. ಚೆಲ್ಲಿದ್ದು ಹೆಚ್ಚಾದರೆ ವ್ಯಾಕ್ಯೂಮ್ ಕ್ಲೀನರಿನ ಬಾಯಿಗೆ ಹಳೆಯ ನೈಲಾನ್ ಕಾಲುಚೀಲ ಕಟ್ಟಿ ಎಳೆಯಿರಿ; ಹರಳು ಚೀಲದಲ್ಲೇ ನಿಲ್ಲುತ್ತವೆ.

ಕತ್ತರಿಸುವ ಮಾತು

ಕತ್ತರಿಸಿ ಮಾಡುವವರಿದ್ದಾರೆ, ಅಸಾಧ್ಯವಲ್ಲ. ಸ್ಟೀಲ್ ಸ್ಕೇಲಿಟ್ಟು, ಹೊಸ ಬ್ಲೇಡಿನಿಂದ, ಎರಡು ಸಾಲಿನ ನಡುವಿನ ಗೆರೆಯ ಮೇಲೇ ಕತ್ತರಿಸಬೇಕು. ಅರ್ಧ ಮಿಲಿಮೀಟರ್ ತಪ್ಪಿದರೂ ಒಂದು ಕಡೆ ಹರಳು ಹೊರಚಾಚುತ್ತದೆ. ಕತ್ತರಿಸಿದ ಅಂಚಿನಿಂದ ದಾರ ಬಿಟ್ಟುಕೊಳ್ಳುತ್ತದೆ. ಕೊನೆಗೆ ತುಂಡುಗಳನ್ನು ಗಟ್ಟಿ ಹಲಗೆಯ ಮೇಲೆ ಕೂಡಿಸಿ ಅಂಟಿಸಲೇಬೇಕು, ಬಟ್ಟೆಯಾಗಿ ತೂಗು ಹಾಕುವ ಆಯ್ಕೆ ಹೋಯಿತು. 100×70ಕ್ಕೆ ಇಷ್ಟು ಅಪಾಯ ಹೊತ್ತುಕೊಳ್ಳುವ ಕಾರಣವಿಲ್ಲ. ಎರಡೂ ಬದಿ ಒಂದು ಮೀಟರ್ ಮೀರಿದಾಗ, ಹಲಗೆಗೇ ಅಂಟಿಸುವುದು ಖಚಿತವಿದ್ದಾಗ ಮಾತ್ರ ಅದು ಯೋಚಿಸುವ ಮಾತು. ಮುಂದೆ ನೀವೇ ಕೊಳ್ಳುವಾಗ ಇಷ್ಟೇ ದೊಡ್ಡ ಚಿತ್ರ ಬೇಕೆನಿಸಿದರೆ, ಮೂರು ಅಥವಾ ಐದು ಬಿಡಿ ಫಲಕಗಳಾಗಿ ಬರುವ ಕಿಟ್ ಹುಡುಕಿ. ಪ್ರತಿ ಫಲಕವೂ ನಿಮ್ಮ ಮೇಜಿಗೆ ಹಿಡಿಸುತ್ತದೆ, ಗೋಡೆಯ ಮೇಲೆ ನಡುವೆ ಸಂದಿದ್ದರೂ ಅದು ವಿನ್ಯಾಸದ್ದೇ ಭಾಗ.

ಮುಗಿದ ಮೇಲೆ ಸುರುಳಿಯಲ್ಲಿ ಹೆಚ್ಚು ದಿನ ಇಡಬೇಡಿ. ಎರಡು ದಿನ ಚಪ್ಪಟೆಯಾಗಿ ಹರಡಿ, ಕಾಗದ ಹೊದಿಸಿ, ಮೇಲೆ ಸಮಭಾರ ಹೇರಿ. ಸೀಲರ್ (ಹರಳು ಕದಲದಂತೆ ಮೇಲೆ ಬಳಿಯುವ ದ್ರವ) ಬಳಿಯುವುದಿದ್ದರೆ ಅದಾದ ನಂತರ, ಅದೂ ಪೂರ್ತಿ ಚಿತ್ರಕ್ಕೆ ಒಟ್ಟಿಗೆ. ಚೌಕ ಚೌಕವಾಗಿ ಬಳಿದರೆ ಹೊಳಪು ಬೇರೆಬೇರೆಯಾಗಿ ನಿಲ್ಲುತ್ತದೆ, ಬಳಿದ ಭಾಗ ಗಡುಸಾಗಿ ಸುರುಳಿ ಸುತ್ತಲೂ ಬರುವುದಿಲ್ಲ. ಸೀಲರ್ ಬಳಿದಿರದಿದ್ದರೆ ಚೌಕಟ್ಟಿನ ಅಂಗಡಿಗೆ ಒಯ್ಯುವಾಗ ಅದೇ ದಪ್ಪ ಕೊಳವೆಗೆ, ಹರಳು ಹೊರಮುಖವಾಗಿ ಸುತ್ತಿ ಒಯ್ಯಿರಿ, ಗಾಜು ಹಾಕಿಸುವುದಾದರೆ ಅದು ಹರಳಿಗೆ ತಾಗದಂತೆ ನಡುವೆ ಸಂದು ಬಿಡಲು ಹೇಳಿ.